ಕೆಂಪು ಎದ್ದು ಕಾಣುವ ಮಾನಿಟರ್

ಹಾ— ಎಂದು ಬಾಯಿ ಅಗಲಿಸಿ ಪರದೆಯ ಮೇಲೆ ಉಸಿರು ಬಿಟ್ಟನಲ್ಲ ಅಂಗಡಿಯವ, ಥೂ, ಆಮೇಲೆ ಅಂಗಿಯ ತೋಳಿನಿಂದಲೇ ಒರೆಸಿದ, ಉಸಿರಿನ ಮಬ್ಬು ಹೋಯಿತು, ಯಾರದೋ ಹೆಬ್ಬೆಟ್ಟಿನ ಜಿಡ್ಡು ಇನ್ನಷ್ಟು ಅಗಲಕ್ಕೆ ಹರಡಿತು, ಈಗ ನೋಡಿ ಮೇಡಮ್ ಕನ್ನಡಿ ಇದ್ದ ಹಾಗಿದೆ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೆಳಗಿನಿಂದ ಸಂಜೆಯವರೆಗೆ ಹಲ್ಲಿನ ಡಾಕ್ಟರರ ಪಕ್ಕದಲ್ಲಿ ನಿಂತು ಊರವರ ಬಾಯಿಯೊಳಗೆ ಎಂಜಲು ಹೀರುವ ನಳಿಕೆ ಹಿಡಿಯುವವಳು, ಹುಳುಕು, ಕೀವು, ನಿನ್ನೆ ತಿಂದದ್ದರ ಚೂರು, ಎಲ್ಲವನ್ನೂ ಮುಖ ಸಿಂಡರಿಸದೆ ನೋಡುವವಳು, ಅಂಥವಳಿಗೆ ಇಲ್ಲಿ, ಹೊಸ ಪ್ಲಾಸ್ಟಿಕ್ ವಾಸನೆಯ ಈ ಕಂಪ್ಯೂಟರ್ ಅಂಗಡಿಯಲ್ಲಿ ವಾಕರಿಕೆ, ಯಾರಿಗಾದರೂ ಹೇಳಿದರೆ ನಕ್ಕಾರು. ಗೋಡೆ ತುಂಬ ಮಾನಿಟರುಗಳು, ಎಲ್ಲದರಲ್ಲೂ ಒಂದೇ ಗಿಳಿ, ಎಲ್ಲವೂ ಒಟ್ಟಿಗೆ ರೆಕ್ಕೆ ಬಿಚ್ಚುತ್ತವೆ, ಇಷ್ಟು ಹಸಿರಾದ ಗಿಳಿ ಯಾವ ಮರದಲ್ಲಿದೆ, ಸುಳ್ಳು ಗಿಳಿ, ಕಣ್ಣಿಗೆ ಚುಚ್ಚುವ ಗಿಳಿ. ನೀನೇ ಹೋಗಿ ತಂದ್ಬಿಡಮ್ಮ, ಡಾಕ್ಟರರು ಕೈಗವಸು ಕಳಚುತ್ತ ಹೇಳಿದ್ದರು, ಈಗಿರೋ ಕಂಪ್ಯೂಟರ್‌ಗೇ ಎರಡನೇದೊಂದು ಸಿಗಿಸೋಣ, ಕುರ್ಚಿ ಮೇಲೆ ನೇತು ಹಾಕೋಣ, ಪೇಷಂಟು ಮಲಗಿದ್ದಲ್ಲೇ ತನ್ನ ಬಾಯಿ ತಾನೇ ನೋಡ್ಬೇಕು, ಒಂದೆರಡು ಫೋಟೋ ತಗೊಂಡು ಹೋಗಿ ಹಾಕಿ ನೋಡು, ಕೆಂಪು ಎದ್ದು ಕಾಣ್ಬೇಕು ಅಷ್ಟೆ, ನೋಡಿದ ತಕ್ಷಣ ಹೂಂ ಡಾಕ್ಟ್ರೇ ಅನ್ಬೇಕು. ಹೂಂ ಅನ್ನದವರು ಯಾರಿದ್ದಾರೆ, ಬಾಯಿ ತೆರೆದು ಮಲಗಿದವರಿಗೆ ಊಹೂಂ ಅನ್ನಲು ಬಾಯಿ ಎಲ್ಲಿದೆ. ಇರುವ ಒಂದು ಮಾನಿಟರನ್ನೇ ರೋಗಿಗಳ ಕಡೆ ತಿರುಗಿಸಿ ತಿರುಗಿಸಿ ಅದರ ಕತ್ತು ಸಡಿಲವಾಗಿದೆ, ಪ್ರತಿ ಸಲ ತಿರುಗಿಸುವ ಮುಂಚೆ ಡಾಕ್ಟರರ ಹೆಬ್ಬೆರಳು ಪರದೆಯ ಕೆಳಗಂಚಿಗೆ ಹೋಗುತ್ತದೆ, ಟಿಕ್ ಟಿಕ್, ಜಾರದಿರಲೆಂದು ಹಿಡಿಯುತ್ತಾರೆ ಅಂದುಕೊಂಡಿದ್ದಳು ಅವಳು, ಆಮೇಲೆ ಆ ಜೇನಿನ ದನಿ, ನೋಡಿ, ಇದು ನಿಮ್ಮ ಒಸಡು, ಹೆದರ್ಬೇಡಿ.

ಅಮ್ಮನಿಗೂ ಹಾಗೇ ಹೇಳಿದರು. ಅಮ್ಮ ಬಂದದ್ದು ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ ಅಂತ, ಅಷ್ಟೇ, ಇವಳೇ ಒತ್ತಾಯ ಮಾಡಿ ಕರೆತಂದದ್ದು, ಬಾರಮ್ಮ ನಮ್ಮ ಡಾಕ್ಟ್ರೇ ಅಲ್ವಾ, ಅಮ್ಮ ಮದುವೆಗೆ ಹೊರಟವಳಂತೆ ತಲೆ ಬಾಚಿ ಇಟ್ಟಿಗೆ ಬಣ್ಣದ ಶಾಲು ಹೊದ್ದು ಬಂದಳು, ನಿಮ್ಮ ತಾಯಿ ಅಂದ್ರೆ ನಮ್ಮ ತಾಯಿ ಇದ್ದ ಹಾಗೆ ಅಂದರು ಡಾಕ್ಟರರು, ತುಟಿ ಸರಿಸಿ ಫೋಟೋ ತೆಗೆದವಳು ಇವಳೇ, ಟಿಕ್ ಟಿಕ್, ಮಾನಿಟರು ತಿರುಗಿತು, ಅಯ್ಯೋ ಇದು ನನ್ನ ಬಾಯೇನೇ, ಛೀ, ಅಮ್ಮ ಮುಖ ಆ ಕಡೆ ಮಾಡಿದಳು. ತನ್ನ ಬಾಯಿಗೆ ತಾನೇ ಛೀ ಅಂದಳಲ್ಲ. ಇದನ್ನ ಇಟ್ಕೊಂಡು ಇಷ್ಟು ದಿನ ಊಟ ಮಾಡ್ದೆನಾ, ತೆಗೆದು ಹಾಕಿಬಿಡಿ ಡಾಕ್ಟ್ರೇ. ಕೆಳಗಿನ ಸಾಲಿನ ಮುಂದಿನ ನಾಲ್ಕನ್ನು ಕಿತ್ತರು ಡಾಕ್ಟರರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಂತ ತಮ್ಮನ್ನು ತಾವೇ ಹೊಗಳಿಕೊಂಡರು, ಬೆಣ್ಣೆಯೂ ಅಲ್ಲ ಕೂದಲೂ ಅಲ್ಲ, ಕಟ್ ಅಂತ ಸದ್ದಾಗಿತ್ತು, ಇವಳ ಕೈಯ ಸ್ಟೀಲ್ ತಟ್ಟೆಗೆ ಒಂದೊಂದಾಗಿ ಬಿದ್ದವು, ಬೇರಿನ ತನಕ ಒಂದು ಕಲೆಯಿಲ್ಲ, ಮಗುವಿನ ಉಗುರಿನಷ್ಟು ಶುಭ್ರ, ಅಷ್ಟು ಕೆಟ್ಟ ಬಾಯಿಯಿಂದ ಇಷ್ಟು ಒಳ್ಳೆಯ ಹಲ್ಲು ಹೇಗೆ ಬಂತು ಅಂತ ಒಂದು ಗಳಿಗೆ ಅನ್ನಿಸಿತು, ಅನ್ನಿಸಿದ್ದನ್ನು ರಕ್ತದ ಹತ್ತಿಯ ಜೊತೆಗೇ ಡಬ್ಬಕ್ಕೆ ಹಾಕಿದಳು. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಒತ್ತುತ್ತದೆ ಅಂತ ಅಮ್ಮ ಅದನ್ನು ಲೋಟದ ನೀರಿನಲ್ಲಿಟ್ಟಿದ್ದಾಳೆ, ಅಡುಗೆಮನೆಯ ಕಿಟಕಿಯಲ್ಲಿ ಅದೊಂದು ಕಿಸಿಯುತ್ತ ಕೂತಿರುತ್ತದೆ, ಅಸಹ್ಯ. ಅಮ್ಮ ನಕ್ಕರೆ ಪಕ್ಕದ ಮನೆಯವರು ಏನ್ರೀ ವಿಶೇಷ ಅಂತ ಇಣುಕುತ್ತಿದ್ದ ಕಾಲವಿತ್ತು, ಈಗ ನಗು ಬರುವ ಮೊದಲೇ ಕೈ ಬರುತ್ತದೆ, ಬಾಯಿಗೆ ಅಡ್ಡ, ನಾಲ್ಕು ಬೆರಳು, ನಾಲ್ಕು ಹಲ್ಲಿನ ಜಾಗಕ್ಕೆ. ನಾಳೆ ಮೇಲಿನ ಸಾಲು. ಅದೂ ಅಲ್ಲಾಡ್ತಿದೆ ಅಂದಿದ್ದಾರೆ ಡಾಕ್ಟರರು.

ಪೆನ್‌ಡ್ರೈವ್ ಕೊಡಿ ಮೇಡಮ್, ಒಂದೇ ಸಿಸ್ಟಮ್‌ಗೆ ಅಕ್ಕಪಕ್ಕದ ಈ ಎರಡು ಮಾನಿಟರೂ ಹಾಕ್ತೀನಿ, ಅಂಗಡಿಯವ ಕೇಬಲ್ಲು ಸಿಕ್ಕಿಸಿದ, ಗಿಳಿ ಹಾರಿಹೋಯಿತು, ಮೊದಲು ಬಂದದ್ದೇ ಅಮ್ಮನ ಬಾಯಿ, ಹೆಸರಿನ ಅಕ್ಷರ ಮೊದಲು ಬರುತ್ತದೆ, ಅದಕ್ಕೇ. ಅಯ್ಯಪ್ಪಾ, ಏನ್ ಮೇಡಮ್ ಇದು, ಊಟದ ಹೊತ್ತಲ್ಲಿ, ಅವನು ಎಡಗಡೆಯ ಮಾನಿಟರಿನಿಂದ ಮುಖ ತಿರುಗಿಸಿದ, ಎಡಗಡೆ ಹಸಿಮಾಂಸ, ಒಸಡು ಕಪ್ಪುಗೆಂಪು, ಹಲ್ಲಿನ ಬುಡದಲ್ಲಿ ಹೊಗೆ ಹಿಡಿದ ಹಾಗೆ ಮಸಿ, ಕ್ಲಿನಿಕ್ಕಿನಲ್ಲಿ ಕಂಡದ್ದೂ ಇದೇ, ಹೌದು ಇದೇ, ಬಲಗಡೆ— ಬಲಗಡೆ ಏನೂ ಇಲ್ಲ. ತಿಳಿಗೆಂಪು ಒಸಡು, ಸ್ವಲ್ಪ ಹಳದಿ ಹಲ್ಲು, ವಯಸ್ಸಾದ ಹೆಂಗಸಿನ ಸಾಮಾನ್ಯ ಬಾಯಿ. ಆ ಬಲಗಡೇದು ಸಪ್ಪೆ ಮೇಡಮ್, ಫೋಟೋ ಪ್ರಿಂಟ್ ಹಾಕೋರು ತಗೋತಾರೆ, ಇದ್ದದ್ದನ್ನ ಇದ್ದ ಹಾಗೆ ತೋರಿಸತ್ತೆ, ಯಾರಿಗೂ ಬೇಡ, ಎಡಗಡೇದು ನೋಡಿ, ಎಲ್ಲಾ ಎದ್ದು ಬರತ್ತೆ, ಕೆಳಗೆ ಬಟನ್ ಇದೆ, ಒತ್ತಿದ್ರೆ ಇನ್ನೂ ಏರತ್ತೆ, ಟಿಕ್ ಟಿಕ್. ಟಿಕ್ ಟಿಕ್. ಒಸಡು ಕಣ್ಣೆದುರಿಗೇ ಕೊಳೆಯಿತು. ಯಾವುದು ನಿಜ, ಯಾವುದನ್ನು ನಂಬುವುದು— ಫೋಟೋದ ಕೆಳಗೆ, ಗದ್ದದ ಹತ್ತಿರ, ಶಾಲಿನ ಅಂಚು. ಬೆಳಿಗ್ಗೆ ಚಳಿ ಅಂತ ಅಮ್ಮನ ಶಾಲನ್ನೇ ಹೊದ್ದು ಬಂದಿದ್ದಾಳೆ, ಹೆಗಲಿಂದ ಎಳೆದು ಪರದೆಗೆ ಹಿಡಿದಳು, ಎಡಗಡೆಯ ಶಾಲು ರಕ್ತದಲ್ಲಿ ಅದ್ದಿದ ಹಾಗೆ, ಬಲಗಡೆಯದು ಕೈಯಲ್ಲಿರುವ ಶಾಲೇ, ಒಗೆದು ಒಗೆದು ಮಾಸಿದ ಇಟ್ಟಿಗೆ. ಯಾರ ಬಾಯಿ ಮೇಡಮ್, ಈ ಬಲಗಡೇದ್ರಲ್ಲಿ ನೋಡಿದ್ರೆ ಹಲ್ಲು ಗಟ್ಟಿಯಾಗೇ ಇದೆಯಲ್ಲ, ಅಂದ ಅಂಗಡಿಯವ, ಅವನಿಗೇ ಕಾಣುತ್ತದೆ, ಉಸಿರು ಬಿಟ್ಟು ತೋಳಲ್ಲಿ ಒರೆಸುವವನಿಗೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಡಾಕ್ಟರರ ಆ ಕೈ, ಆ ಕೈಗವಸಿನ ಪೌಡರು ಹತ್ತಿದ ಕೈ, ನಿಮ್ಮ ತಾಯಿ ನಮ್ಮ ತಾಯಿ, ಥೂ, ಥೂ. ಅದೇ ತಟ್ಟೆ ಹಿಡಿದು ಅದೇ ಕೈಯಿಂದ ಸಂಬಳ ತೆಗೆದುಕೊಂಡು ಮನೆಗೆ ಹೋಗಿ ಉಂಡಳಲ್ಲ ಇವಳು, ಆ ತುತ್ತೆಲ್ಲ ಈಗ ಗಂಟಲಿಗೆ ಬರುತ್ತಿದೆ. ಯಾವುದು ಪ್ಯಾಕ್ ಮಾಡ್ಲಿ ಮೇಡಮ್. ಸಪ್ಪೇದು, ಅಂದಳು. ಡಾಕ್ಟರರು ಕೂಗಾಡಲಿ, ವಾಪಸು ಕಳಿಸಲಿ, ಇವಳನ್ನೇ ಕಳಿಸಲಿ, ಅಷ್ಟರಲ್ಲಿ ಒಬ್ಬರಾದರೂ ಮಲಗಿದ್ದಲ್ಲಿಂದ ಎರಡೂ ಪರದೆ ನೋಡಿ, ಇದೇನು ಡಾಕ್ಟ್ರೇ ಒಂದೇ ಬಾಯಿಗೆ ಎರಡು ಬಣ್ಣ, ಅಂತ ಕೇಳಲಿ. ಅಮ್ಮನಿಗೆ ಫೋನು ಹಚ್ಚಿದಳು, ರಿಂಗಾಗುತ್ತಿದೆ, ಎತ್ತಮ್ಮ, ಎತ್ತು. ಅಮ್ಮ, ನಾಳೆ ಬರ್ಬೇಡ. ಯಾಕೇ, ಡಾಕ್ಟ್ರು ನಿನ್ನ ಬಯ್ಯಲ್ವಾ. ಬಯ್ಲಿ, ನಿನ್ನ ಹಲ್ಲು ಚೆನ್ನಾಗಿದೆ, ಏನೂ ಆಗಿಲ್ಲ. ಏನೂ ಆಗಿಲ್ವಾ, ಅಂದಳು ಅಮ್ಮ, ಹಾಗಾದ್ರೆ ಆ ನಾಲ್ಕು? ಬಲಗಡೆಯ ಪರದೆಯಲ್ಲಿ ಆ ನಾಲ್ಕೂ ಇನ್ನೂ ಇವೆ, ಸ್ವಲ್ಪ ಹಳದಿ, ಸಾಲಾಗಿ, ಗಟ್ಟಿಯಾಗಿ. ಹೋಗ್ಲಿ ಬಿಡೇ, ಉದುರಿದ ಹಲ್ಲು ಕರೆದ್ರೆ ಬರತ್ತಾ, ಅಮ್ಮ ನಕ್ಕಳು, ಇವಳಿಗೆ ಸಮಾಧಾನ ಆಗಲೆಂದು ನಕ್ಕಳು, ಆ ನಗು ಎಲ್ಲೋ ಒಳಗಿನಿಂದ, ಮುಚ್ಚಿದ ಹಾಗೆ, ಉಸಿರು ಕಟ್ಟಿದ ಹಾಗೆ ಕೇಳಿಸುತ್ತಿದೆ— ಮನೆಯಲ್ಲಿ ಅಮ್ಮ ಒಬ್ಬಳೇ, ನೋಡುವವರು ಯಾರೂ ಇಲ್ಲ, ಆದರೂ ಬಾಯಿಗೆ ಅಡ್ಡ ಆ ಕೈ, ಆ ನಾಲ್ಕು ಬೆರಳು