ಚೆಂಡು ಕೊಡದವಳು

ಹೊರಗಿನಿಂದ ಬಂದ ಅಭಿಮಾನಿಗಳನ್ನು ಆ ಫುಟ್‌ಬಾಲ್ ಕ್ಲಬ್ಬಿನವರು ಕೂರಿಸುತ್ತಿದ್ದುದು ಶೌಚಾಲಯಕ್ಕೂ ಕಾರ್ಖಾನೆಯ ಗೋಡೆಗೂ ನಡುವಿನ ಸಂದಿಯಲ್ಲಿ. ಮುಂದೆ ಎತ್ತರದ ತಂತಿಬಲೆ, ಬಲೆಯಾಚೆ ಗೋಲ್ ಕಂಬ, ಹಿಂದೆ ತಗಡಿನ ಬಾಗಿಲು. ಎಲ್ಲರೂ ಒಳಗೆ ಬಂದ ಮೇಲೆ ಕಾವಲುಗಾರ ಬಾಗಿಲಿಗೆ ಬೀಗ ಜಡಿದ.

"ಮ್ಯಾಚ್ ಮುಗಿದು ನಮ್ಮೋರೆಲ್ಲ ಹೋದ್ಮೇಲೆ ತೆಗೀತೀನಿ. ಜಗಳ ಆಗ್ಬಾರ್ದಲ್ಲ."

"ನಾವೇನು ಕುರಿಗಳಾ?" ಎಂದಳು ಅವಳು.

"ಕುರಿಗಳಾಗಿದ್ರೆ ಬೀಗ ಯಾಕೆ ಬೇಕಿತ್ತು ತಾಯಿ?"

ಜೊತೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ. ಮೋಟಾರ್ ರಿಪೇರಿ ಅಂಗಡಿಯವನಾದರೂ ಭಾನುವಾರ ಬಂತೆಂದರೆ ಅವನು ಅಭಿಮಾನಿಗಳ ದಳಪತಿ. ಇವತ್ತು ಆಳೆತ್ತರದ ಹೊಸ ಡೋಲು ಬೇರೆ ತಂದಿದ್ದ. ಅವಳು ಕಾಲೇಜಿನ ಲೈಬ್ರರಿಯವಳು. ಈ ಗುಂಪಿನ ಬಾಯಲ್ಲಿ 'ಸೈಲೆನ್ಸ್ ಮೇಡಂ'. ಅವಳಿಗೆ ಫುಟ್‌ಬಾಲ್ ಹುಚ್ಚೇನೂ ಇರಲಿಲ್ಲ. ತಂಡದ ಗೋಲ್‌ಕೀಪರ್ ಅವಳ ತಮ್ಮ. ತಾಯಿ ತೀರಿಕೊಂಡ ಮೇಲೆ ತಾನೇ ಉಣಿಸಿ, ಬೈದು, ಬೆಳೆಸಿದವನು. ಅವನು ಎಲ್ಲಿ ಆಡಿದರೂ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು. ಇವತ್ತು ಮನೆಗೆಲಸ ಮುಗಿಸಿ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ಉಳಿದವರು ತಂಡದ ಜೊತೆ ವ್ಯಾನಿನಲ್ಲಿ.

ಜನರ ಪಾಲಿಗೆ ಅವಳ ತಮ್ಮ 'ಗೋಡೆ'. "ಗೋಡೆ! ಗೋಡೆ!" ಎಂದು ಕೂಗಿದರೆ ಸಾಕು, ತಿರುಗಿಯೂ ನೋಡದೆ ತಲೆಯ ಮೇಲಿನ ಅಡ್ಡಕಂಬವನ್ನು ಎರಡು ಸಲ ತಟ್ಟುವುದು ಅವನ ರೂಢಿ.

ಮೊದಲರ್ಧದಲ್ಲಿ ಅವನು ಮೈದಾನದ ಆಚೆ ತುದಿಯಲ್ಲಿದ್ದ. ಕಾರ್ನರ್ ಒಂದಕ್ಕೆ ನೆಗೆದಾಗ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿದದ್ದು, ಅವನು ಮಲಗಿದ್ದು, ಯಾರೋ ನೀರು ಸುರಿದದ್ದು, ಮತ್ತೆ ಎದ್ದು ನಿಂತದ್ದು ಎಲ್ಲ ಅವಳಿಗೆ ದೂರದಿಂದ ಕಂಡಿತ್ತು. ಹಾಫ್ ಟೈಮ್ ಮುಗಿದು ಅವನು ಈಚೆ ಗೋಲಿಗೆ ಬಂದಾಗ ಅವಳು ಬಲೆಗೆ ಮುಖ ಒತ್ತಿ ನಿಂತಳು. ಅವನು ಕೈಗವಸಿನ ಪಟ್ಟಿ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಬಿಸಿಲೇ ಇಲ್ಲದ ಕಡೆ ಕಣ್ಣು ಕಿರಿದು ಮಾಡಿದ.

"ಗೋಡೆ! ಗೋಡೆ!"

ಅವನು ಕಂಬ ತಟ್ಟಿದ. ತಟ್ಟಿದ, ತಟ್ಟಿದ, ತಟ್ಟುತ್ತಲೇ ಇದ್ದ. ಕೂಗು ನಿಂತ ಮೇಲೂ.

"ನೋಡ್ರೋ ನೋಡ್ರೋ, ಏನ್ ಜೋಶು!" ಎಂದು ಗುಂಪು ಕುಣಿಯಿತು.

ಅವಳು ಎರಡೂ ಕೈಯಿಂದ ಬಲೆ ಹಿಡಿದು ಅಲ್ಲಾಡಿಸಿದಳು. "ಕೋಚ್! ಅವನನ್ನ ಹೊರಗೆ ಕರೀರಿ!" ಎಂದು ಕಿರುಚಿದಳು. ಡೋಲಿನ ಮುಂದೆ ಅವಳ ಗಂಟಲು ಎಲ್ಲಿ ಕೇಳಬೇಕು? ತಿರುಗಿ ಗಂಡನ ಕೈಯಿಂದ ಡೋಲಿನ ಕೋಲು ಕಿತ್ತುಕೊಂಡಳು.

"ರೀ, ಅವನಿಗೆ ತಲೆಗೆ ಜೋರು ಪೆಟ್ಟಾಗಿದೆ. ಕೋಚ್‌ಗೆ ಫೋನ್ ಮಾಡಿ."

"ಸುಮ್ನಿರೇ. ಒಂದು ಗೋಲ್ ಮುಂದಿದೀವಿ. ಅವನನ್ನ ತೆಗೆದು ಯಾರನ್ನ ನಿಲ್ಲಿಸ್ಲಿ, ನಿನ್ನನ್ನಾ?"

"ಇನ್ನೊಬ್ಬ ಕೀಪರ್ ಇದಾನಲ್ಲ."

ಗುಂಪಿನಲ್ಲಿದ್ದ ಕ್ಷೌರದಂಗಡಿಯವನು ತನ್ನ ಚಪ್ಪಲಿ ನೋಡುತ್ತ ಹೇಳಿದ:

"ಅವನು ಬಂದಿಲ್ಲ ಅಕ್ಕಾ. ವ್ಯಾನಲ್ಲಿ ಜಾಗ ಆಗ್ಲಿಲ್ಲ."

"ಇದಕ್ಕೆ ಆಯ್ತಾ?" ಅವಳು ಡೋಲಿನ ಕಡೆ ಕೋಲು ತೋರಿಸಿದಳು.

"ಅವನು ಹೇಗೂ ಆಡಲ್ಲ," ಎಂದ ಗಂಡ. "ಬೆಂಚ್ ಬಿಸಿ ಮಾಡೋಕೆ ಇಷ್ಟು ದೂರ ಯಾಕೆ ಅಂತ ಎಲ್ಲರೂ ಸೇರಿ..."

"ಮನುಷ್ಯನನ್ನ ಇಳಿಸಿ ಡೋಲು ಕೂರಿಸಿದ್ರಿ!"

ಗೋಡೆಯಂತೆ, ಗೋಡೆ! ಗೋಡೆಗೆ ಮೊಳೆ ಹೊಡೆಯಬಹುದು, ಒದೆಯಬಹುದು, ನೋವು ಕೇಳಬೇಕಾಗಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವಳು ಕೋಲೆಸೆದು ತಗಡಿನ ಬಾಗಿಲು ಬಡಿದಳು.

"ಕೀಲಿಕೈ ಕ್ಲಬ್ ಕಾರ್ಯದರ್ಶಿ ಇಸ್ಕೊಂಡ್ಹೋದ್ರು ತಾಯಿ," ಎಂದಿತು ಆಚೆಯಿಂದ ಕಾವಲುಗಾರನ ದನಿ. "ಮ್ಯಾಚ್ ಮುಗೀಲಿ."

ಆಗಲೇ ಎದುರಾಳಿಗಳು ಒದ್ದ ಚೆಂಡು ಅಡ್ಡಕಂಬ ದಾಟಿ, ತಂತಿಬಲೆಯನ್ನೂ ದಾಟಿ, ಕಾರ್ಖಾನೆಯ ಗೋಡೆಗೆ ಬಡಿದು ಅವಳ ಕಾಲ ಬಳಿ ಬಂದು ನಿಂತಿತು. ಬಡ ಕ್ಲಬ್ಬಿನಲ್ಲಿ ಇದ್ದದ್ದೇ ಎರಡು ಚೆಂಡು. ಮೊದಲನೆಯದು ಆಗಲೇ ಕಾರ್ಖಾನೆಯ ಕಾಂಪೌಂಡಿನೊಳಗೆ ಬಿದ್ದಿತ್ತು. ಭಾನುವಾರ ಅದನ್ನು ತೆಗೆದುಕೊಡುವವರು ಯಾರೂ ಇರಲಿಲ್ಲ. ಹೀಗೆ ಬಂದ ಚೆಂಡನ್ನು ಒಳಗಿದ್ದವರು ಬಲೆಯ ಮೇಲಿಂದ ಎಸೆಯಬೇಕು, ಅದು ಅಲ್ಲಿನ ಪದ್ಧತಿ.

ಅವಳು ಚೆಂಡನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಎಸೀರಿ ಅಕ್ಕಾ."

"ಎಸೆಯಲ್ಲ."

"ಮೇಡಂ, ಆಟ ನಿಂತಿದೆ."

"ನಿಲ್ಲಲಿ ಅಂತಾನೇ ಕೂತಿರೋದು."

ಎದುರು ಗ್ಯಾಲರಿಯಿಂದ ಶಿಳ್ಳೆ, ಕೂಗು. "ಮನೆಗೆ ತಗೊಂಡ್ಹೋಗಮ್ಮಾ, ಮೊಟ್ಟೆ ಇಡುತ್ತೆ!" ಗಂಡ ಕೆಂಪಗಾಗಿ ಬಗ್ಗಿ ಕೈ ಹಾಕಿದ.

"ಮುಟ್ಟಿ ನೋಡಿ," ಎಂದಳು ಅವಳು, ದನಿ ಏರಿಸದೆ. "ಇವತ್ತು ಮುಟ್ಟಿದ್ರೆ ಮನೆ ದಾರಿ ಮರ್ತುಬಿಡಿ."

ಅವನು ಕೈ ಹಿಂದೆಗೆದ.

ರೆಫರಿ ಏದುಸಿರು ಬಿಡುತ್ತ ಬಲೆಯ ಬಳಿ ಬಂದ. ಕೂದಲು ನರೆತ ತೆಳ್ಳಗಿನ ಮನುಷ್ಯ. "ಏನಮ್ಮಾ ಇದು? ಪೊಲೀಸರನ್ನ ಕರೆಸ್ಲಾ?"

"ಕರೆಸಿ. ಡಾಕ್ಟರನ್ನೂ ಕರೆಸಿ. ಆ ಕೀಪರ್ ನನ್ನ ತಮ್ಮ, ಅವನ ತಲೆ ಸರಿಯಿಲ್ಲ. ಒಂದು ಮಾತು ಕೇಳಿ ನೋಡಿ, ಆಮೇಲೆ ಚೆಂಡು ಕೊಡ್ತೀನಿ."

ರೆಫರಿ ಗೊಣಗುತ್ತ ಕೀಪರ್ ಕಡೆ ತಿರುಗಿದ. "ಎಷ್ಟು ಗೋಲಾಗಿದೆಯಪ್ಪಾ?"

ತಮ್ಮ ತಲೆಯೆತ್ತಿ ದೂರದ ತಗಡಿನ ಬೋರ್ಡು ನೋಡಿದ. "ಒಂದು, ಸೊನ್ನೆ."

"ನೋಡಿದ್ಯಾ?" ಎಂದು ಗಂಡ ಸಿಡುಕಿದ. "ಮಾನ ಕಳೆದೆ."

"ಬೋರ್ಡ್ ಓದಿ ಹೇಳಿದ! ಪೆಟ್ಟು ಹೇಗೆ ಬಿತ್ತು ಅಂತ ಕೇಳಿ."

ರೆಫರಿ ಕೇಳಿದ. ತಮ್ಮ ರೆಫರಿಯ ಮುಖ ನೋಡಿದ, ತನ್ನ ಕೈಗವಸು ನೋಡಿದ. ಮೆಲ್ಲಗೆ, ಮರ್ಯಾದೆಯಿಂದ, "ಯಾವ ಪೆಟ್ಟು ಸಾರ್?" ಎಂದ.

ರೆಫರಿ ಕೀಪರ್ ಹತ್ತಿರಕ್ಕೆ ಹೋದ. ಅವನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಗೆರೆಯಾಚೆ ನಿಂತಿದ್ದ ಕೋಚ್‌ನನ್ನು ಕರೆದ. ಅವಳು ಎದ್ದು ಚೆಂಡನ್ನು ಬಲೆಯಾಚೆ ಎಸೆದಳು.

ರೆಫರಿ ಹೇಳಿದ ಮೇಲೆ ಕಾರ್ಯದರ್ಶಿ ಕೀಲಿಕೈ ಹಿಡಿದು ಓಡಿ ಬಂದ. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಯಾರೋ, "ಗೆಲ್ಲೋ ಮ್ಯಾಚಿಗೆ ಕಲ್ಲು ಹಾಕಿದ್ಲು," ಎಂದದ್ದು ಕೇಳಿತು. ಅವಳು ತಿರುಗಿದಳು. "ನಿಮ್ಮ ಮಗನನ್ನ ಕಳಿಸಿ ಮುಂದಿನ ವಾರ. ನಾನೂ ಬಂದು ಡೋಲು ಬಾರಿಸ್ತೀನಿ."

ಆಮೇಲೆ ಗೋಲಿಗೆ ನಿಲ್ಲಿಸಿದ್ದು ತಂಡದಲ್ಲೇ ಆಡುತ್ತಿದ್ದ ನಲ್ಲಿ ರಿಪೇರಿಯ ಹುಡುಗನನ್ನು. ಮೂರು ಗೋಲು ಬಿಟ್ಟ.

ಆಸ್ಪತ್ರೆಯ ವೈದ್ಯೆ ತಲೆಯ ಸ್ಕ್ಯಾನ್ ಮಾಡಿಸಿ ನೋಡಿದರು. ಒಳಗೆ ರಕ್ತ ಹೆಪ್ಪುಗಟ್ಟಿಲ್ಲ, ಆದರೆ ಹೊಸದು ಯಾವುದೂ ತಲೆಯಲ್ಲಿ ನಿಲ್ಲುತ್ತಿಲ್ಲ, ಹೇಳಿದ್ದು ನೆನಪಲ್ಲಿ ಉಳಿಯುವ ತನಕ ಮನೆಗೆ ಬಿಡುವುದಿಲ್ಲ, ಮಾತಾಡಿಸುತ್ತಿರಿ ಎಂದರು. ಅವಳು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡಳು.

"ಅಕ್ಕಾ, ಮ್ಯಾಚ್ ಏನಾಯ್ತು?"

"ಸೋತ್ರಿ. ನಿನ್ನನ್ನ ನಾನೇ ಹೊರಗೆ ಹಾಕಿಸ್ದೆ."

ಅವನು ಎದ್ದು ಕೂತ. "ನಿಂಗೇನು ಹುಚ್ಚಾ? ಯಾರು ಕೇಳಿದ್ರು ನಿನ್ನ?" ಬೈದ, ಬೈದ, ಆಯಾಸವಾಗಿ ದಿಂಬಿಗೊರಗಿದ. ಕಣ್ಣು ಮುಚ್ಚಿ ತೆರೆದ. "ಅಕ್ಕಾ, ಮ್ಯಾಚ್ ಏನಾಯ್ತು?"

ಅವಳು ಹೇಳಿದಳು. ಮತ್ತೆ ಅದೇ ಸಿಟ್ಟು, ಅದೇ ಮಾತು, ಮೊದಲ ಸಲವೆಂಬಂತೆ. ಸಂಜೆಯಾದರೂ ಅದೇ. ಅಷ್ಟರಲ್ಲಿ ಗಂಡ ಬಂದು ಬಾಗಿಲಲ್ಲಿ ನಿಂತಿದ್ದ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅವಳ ಕಿವಿಯ ಬಳಿ ಬಗ್ಗಿ, "ಗೆದ್ವಿ ಅಂದ್ಬಿಡು. ಏನ್ ಗಂಟು ಹೋಗುತ್ತೆ? ಸಮಾಧಾನವಾಗಿ ಮಲಗ್ತಾನೆ," ಎಂದ.

"ಸಮಾಧಾನ ಯಾರಿಗೆ ಬೇಕಾಗಿದೆ, ಅವನಿಗಾ, ನಿಮಗಾ?" ಅವಳು ಅವನತ್ತ ನೋಡಲಿಲ್ಲ.

ತಮ್ಮ ಕಣ್ಣು ತೆರೆದ. "ಅಕ್ಕಾ..."

"ಸೋತ್ರಿ ಕಣೋ. ನಾನು ಚೆಂಡು ಹಿಡ್ಕೊಂಡು ಕೂತೆ, ನಿನ್ನನ್ನ ಹೊರಗೆ ಹಾಕಿಸ್ದೆ."

ಅವನು ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದ. ಅವಳು ಬೈಗುಳಕ್ಕೆ ಸಿದ್ಧಳಾದಳು.

"ಆಗ್ಲೇ ಹೇಳಿದ್ಯಲ್ಲ," ಎಂದು ರೇಗಿದ. "ಒಂದೇ ವಿಷಯ ಎಷ್ಟು ಸಲ ಹೇಳ್ತೀಯ? ನಾನು ಕೇಳ್ಬೇಕು ಅಂದಿದ್ದು ನೀರು."

ಅವಳು ಲೋಟಕ್ಕೆ ಕೈಚಾಚಿದಳು. ಅವನ ಮುಖವನ್ನೇ ನೋಡುತ್ತ ಕೊಟ್ಟಾಗ ಅರ್ಧ ನೀರು ಹೊದಿಕೆಯ ಮೇಲೆ ಚೆಲ್ಲಿತು. ಅದಕ್ಕೂ ಅವನು ಬೈದ.