ಹೊರಗಿನ ಬೆಂಚು

ಶಿಕಾರಿಪುರದ ಕೋರ್ಟಿನಲ್ಲಿ ಸುಷ್ಮಿತಾ ಗಂಡನ ಹೊಡೆತಗಳ ಬಗ್ಗೆ ಸಾಕ್ಷಿ ಹೇಳುತ್ತಿದ್ದಳು. ಅವಳ ತಾಯಿ ಹನುಮಮ್ಮನೂ ಸಾಕ್ಷಿಯಾದ್ದರಿಂದ ತನ್ನ ಸರದಿ ಬರುವವರೆಗೆ ಹೊರಗಿನ ಬೆಂಚಿನಲ್ಲೇ ಕೂರಬೇಕಿತ್ತು. ಒಳಗೆ ಮಗಳಿಗೆ ಧೈರ್ಯ ತುಂಬಲು ಸಾಂತ್ವನ ಕೇಂದ್ರದ ಗಂಗಾಶ್ರೀ ಇದ್ದಳು. ನಿನ್ನೆ ಮೊನ್ನೆ ಬಂದವಳು! ಹೆತ್ತವಳಿಗೆ ಹೇಳದ್ದನ್ನೆಲ್ಲ ಅವಳ ಮುಂದೆ ಬಿಚ್ಚಿಡುತ್ತಾಳಲ್ಲ ಎಂದು ಹನುಮಮ್ಮನ ಹೊಟ್ಟೆ ಉರಿಯುತ್ತಿತ್ತು.

ಹೊರಬಂದ ಸುಷ್ಮಿತಾ ಗಂಗಾಶ್ರೀಯ ಹೆಗಲಿಗೆ ಒರಗಿದಳು.

"ನನ್ನ ಹೆಗಲೇನು ಸವೆದುಹೋಗಿತ್ತೇನೇ?" ಎಂದಳು ಹನುಮಮ್ಮ.

"ಮೂರು ಸಲ ಹೇಳೋಕೆ ಬಂದಿದ್ದೆನಲ್ಲವ್ವ," ಎಂದಳು ಮಗಳು ಮೆಲ್ಲಗೆ.

ಅಷ್ಟರಲ್ಲಿ ಹನುಮಮ್ಮನ ಹೆಸರು ಕೂಗಿದರು. ಕಟಕಟೆ ಹತ್ತಿದವಳು ವಕೀಲರು ಕೇಳುವ ಮೊದಲೇ ಹೇಳಿಬಿಟ್ಟಳು: "ಮೈತುಂಬ ಬಾಸುಂಡೆ ಹೊತ್ತು ತವರಿಗೆ ಬರ್ತಿದ್ಲು, ಸ್ವಾಮಿ. ಒಂದು ಮಾತೂ ಕೇಳದೆ, ಮಡಿಲು ತುಂಬಿ ವಾಪಸ್ ಕಳಿಸಿದವಳು ನಾನೇ."