ಪೆಡಲಿಗೆ ಹಚ್ಚಿದ ಹೊಳಪು

ಕಾರು ತೊಳೆಯುವ ದಿನ ಸ್ಟೆರ್ಗಿಯೋಸನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಬೆಲ್ಟಿನ ಕೊಕ್ಕೆ ತಾಗಿ ಬಣ್ಣಕ್ಕೆ ಗೀರು ಬಿದ್ದೀತೆಂದು ಬೆಲ್ಟು ಬಿಚ್ಚಿಡುತ್ತಿದ್ದ, ಮದುವೆಯ ಉಂಗುರ ಕಳಚಿ ಅಡುಗೆಮನೆಯ ಕಿಟಕಿಯಲ್ಲಿಡುತ್ತಿದ್ದ, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಎಳೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ಒರೆಸುತ್ತಿದ್ದ. ಗ್ರೀಸಿನ ವೋಲೋಸ್ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡಿಕೊಂಡು ವಾರವಿಡೀ ಎಣ್ಣೆ ಜಿಡ್ಡಿನಲ್ಲಿ ಮುಳುಗಿರುತ್ತಿದ್ದ ಮನುಷ್ಯ. ಆದರೆ ಭಾನುವಾರ ತನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ ಒಂದು ನೊಣ ಕೂತರೂ ಅವನ ಎದೆ ಧಸಕ್ಕೆನ್ನುತ್ತಿತ್ತು.

ಆ ಭಾನುವಾರ ಬೆಟ್ಟದ ಮೇಲಿನ ಅವನ ಮನೆಯ ಅಂಗಳದಲ್ಲಿ ಎರಡು ಕಾರುಗಳಿದ್ದವು. ಎರಡೇ ಸೀಟಿನ ಆ ಕೆಂಪು ಕಾರಿನ ಪಕ್ಕದಲ್ಲಿ, ಅದರ ಮರಿಯ ಹಾಗೆ, ಕೆನೆ ಬಣ್ಣದ ಹೊಸ ಪುಟ್ಟ ಕಾರು. ಅದು ಅವನ ಹೆಂಡತಿ ಪೊಲಿಕ್ಸೇನಿಯದು; ಊರವರ ಬಾಯಲ್ಲಿ ಅವಳು ಕ್ಸೇನಿ. ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತವಳು ಅವಳು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಬೇಕರಿಯ ಸಾಲಿನಲ್ಲಿ ನಿಂತವರ ಬಾಯಿಗೆಲ್ಲ ಆಹಾರವಾಗಿ, ಕೊನೆಗೂ ಲೈಸೆನ್ಸ್ ತಂದಿದ್ದಳು. ಒಬ್ಬಳೇ ಓಡಿಸುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಗಂಡ ಪಕ್ಕದಲ್ಲಿ ಕೂತರೆ ಮಾತ್ರ ಸ್ಟಿಯರಿಂಗ್ ಮುಟ್ಟುತ್ತಿದ್ದಳು.

ಬೆಳಗಿನಿಂದ ಅವನು ಪುಟ್ಟ ಕಾರಿನ ಸೇವೆಗೆ ನಿಂತಿದ್ದ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ತೊಳೆದ, ಒರೆಸಿದ, ಕಾರಿಗೆಂದೇ ಮಾಡಿದ ಮೆತ್ತನೆಯ ಜೇಡಿಯುಂಡೆಯನ್ನು ಬಣ್ಣದ ಮೇಲೆ ಜಾರಿಸಿ ಕಣ್ಣಿಗೆ ಕಾಣದ ಕೊಳೆಯನ್ನೂ ಎತ್ತಿದ. ಮೇಣ ಹಚ್ಚಿ ಉಜ್ಜಿದ. ಗಾಳಿ ಬರುವ ಕಿಂಡಿಗಳನ್ನು ಹೆಂಡತಿಯ ಹಳೆಯ ಮೇಕಪ್ ಬ್ರಷ್ಷಿನಿಂದ ಗುಡಿಸಿದ. ಕೆನೆ ಬಣ್ಣದಲ್ಲಿ ಕೆಂಪು ಕಾರಿನ ಪ್ರತಿಬಿಂಬ ಕಂಡಾಗ ಖುಷಿ ತಡೆಯಲಾಗದೆ ಅವನು ಒಬ್ಬನೇ ನಕ್ಕ.

ದ್ರಾಕ್ಷಿ ಚಪ್ಪರದ ಕೆಳಗೆ ಕಾಫಿ ಹೀರುತ್ತ ಕೂತಿದ್ದ ಅತ್ತೆ ಮಾಲಾಮೊ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಹೊಸ ಕಾರಿಗೆ ಇಷ್ಟೊಂದು ತಿಕ್ಕೋದೇನಿದೆಯೋ? ಅಂಗಡಿಯೋರು ಕೊಳೆ ಹಚ್ಚಿ ಕೊಟ್ಟಿದ್ರಾ?"

"ಹೊಸದಾಗಿದ್ದಾಗ್ಲೇ ಮಾಡ್ಬೇಕು ಅತ್ತೆ. ಹಳೇದಾದ್ಮೇಲೆ ಮಾಡಿ ಏನು ಬಂತು?"

"ನನ್ನ ಮಗಳನ್ನ ಹೊಸದರಲ್ಲಿ ಹಿಂಗೆ ನೋಡ್ಕೊಂಡಿದ್ದು ನಂಗಂತೂ ನೆನಪಿಲ್ಲಪ್ಪ."

ಮುದುಕಿ ಕೋಲೂರಿಕೊಂಡು ಬಂದು ಬಾನೆಟ್ಟಿನ ಮೇಲೆ ಬಾಗಿ, "ಥೂ, ಥೂ, ಥೂ! ಕೆಟ್ಟ ಕಣ್ಣು ಬೀಳದಿರ್ಲಿ," ಎಂದಳು. ಈಗಿನವರು ಬರೀ ಸದ್ದು ಮಾಡಿ ಬಿಡುತ್ತಾರೆ. ಮಾಲಾಮೊ ಹಳೇ ಕಾಲದವಳು, ಅವಳ ಉಗುಳು ನಿಜವಾದ ಉಗುಳು. ಸ್ಟೆರ್ಗಿಯೋಸನ ಕೈ ತಾನಾಗಿ ಹೋಗಿ ಅದನ್ನು ಒರೆಸಿಬಿಟ್ಟಿತು.

"ಅಯ್ಯೋ, ಒರೆಸ್ಬಿಟ್ಯಾ! ಅದನ್ನ ಒರೆಸ್ತಾರೇನೋ ಯಾರಾದ್ರೂ?"

"ಮೇಣ ಇನ್ನೂ ಒಣಗಿಲ್ಲ ಅತ್ತೆ!"

ಅವಳು ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಮುಖ ಗಂಟುಹಾಕಿಕೊಂಡು ಹೋಗಿ ಕೂತಳು.

ಕೊನೆಯ ಕೆಲಸ ಒಳಗಿನದು. ಹಿಂದಿನ ವರ್ಷ ಸ್ಪೋರ್ಟ್ಸ್ ಕಾರಿನವರ ಸಂಘ ವೋಲೋಸಿನ ಕಡಲದಂಡೆಯಲ್ಲಿ ಪ್ರದರ್ಶನ ಇಟ್ಟಾಗ, ಬಿಳಿ ಕೈಗವಸು ತೊಟ್ಟ ತೀರ್ಪುಗಾರ ಒಂದೊಂದು ಕಾರಿನೊಳಗೂ ಬಾಗಿ ಪೆಡಲಿನ ಮೇಲೆ ಬೆರಳಾಡಿಸಿದ್ದ. ಪೆಡಲೂ ಹೊಳೆಯುತ್ತಿದ್ದದ್ದು ಸ್ಟೆರ್ಗಿಯೋಸನ ಕಾರಿನಲ್ಲಿ ಮಾತ್ರ. ಆ ಬಹುಮಾನದ ಬಟ್ಟಲು ಈಗಲೂ ಟಿವಿಯ ಮೇಲಿದೆ. ಹೊಳಪಿನ ಎಣ್ಣೆಯನ್ನು ಪೆಡಲಿನ ರಬ್ಬರಿಗೆ ಹಚ್ಚುವುದು ನಿಂತ ಕಾರಿಗೆ ಮಾತ್ರ. ಹೊರಡುವ ಮುಂಚೆ ಸ್ಪಿರಿಟ್ ಹಾಕಿ ಉಜ್ಜಿ ತೆಗೆಯಲೇಬೇಕು. ಇಲ್ಲದಿದ್ದರೆ ಕಾಲು ಸೋಪಿನ ಮೇಲಿಟ್ಟ ಹಾಗೆ ಜಾರುತ್ತದೆ. ಇದು ಸಂಘದ ಎಲ್ಲರಿಗೂ ಗೊತ್ತು, ಅವನಿಗೂ ಚೆನ್ನಾಗಿ ಗೊತ್ತು. ಕೆಂಪು ಕಾರಿನ ಪೆಡಲುಗಳಿಗೆ ಹಚ್ಚಿದ ಕೈ ಅದೇ ಬಟ್ಟೆಯಲ್ಲಿ ಪುಟ್ಟ ಕಾರಿನ ಪೆಡಲುಗಳಿಗೂ ಹಚ್ಚಿತು. ಪಾದ್ರಿ ಅಪೊಸ್ತೋಲಿಸ್ ಪೂಜೆ ಮುಗಿಸಿ ಕೆಳಗಿನ ಇಗರ್ಜಿಯಿಂದ ಬರುವವನಿದ್ದ. ಕಾಮಕಸ್ತೂರಿಯ ಕಡ್ಡಿಯಿಂದ ಪವಿತ್ರ ನೀರು ಚಿಮುಕಿಸಿ ಆಶೀರ್ವಾದ ಮಾಡಲಿ, ಫೋಟೋ ತೆಗೆಯೋಣ, ಆಮೇಲೆ ಉಜ್ಜಿ ತೆಗೆದರಾಯಿತು ಎಂದುಕೊಂಡ.

ಅವನು ಮನೆಯ ಹಿಂದೆ ಬಕೆಟ್ಟುಗಳನ್ನು ತೊಳೆಯುತ್ತಿದ್ದಾಗ ಪಾದ್ರಿಯ ಫೋನು ಬಂತು. ಮಧ್ಯಾಹ್ನ ಯಾವುದೋ ಮಗುವಿನ ನಾಮಕರಣವಿದೆ, ಬೆಟ್ಟ ಹತ್ತಿ ಬರಲಾಗದು, ಕಾರನ್ನೇ ಕೆಳಗೆ ಕಳಿಸಿ ಎಂದು. ಫೋನೆತ್ತಿದ ಮಾಲಾಮೊ ಮಗಳಿಗೆ ಹೇಳಿದಳು. ಪೊಲಿಕ್ಸೇನಿ ಆಗಲೇ ನೀಲಿ ಉಡುಪು ಹಾಕಿಕೊಂಡು, ಪಾದ್ರಿಗೆಂದು ಮಾಡಿದ ಎಳ್ಳಿನ ಬಿಸ್ಕತ್ತುಗಳನ್ನು ತಟ್ಟೆಗೆ ಜೋಡಿಸಿ ನಿಂತಿದ್ದಳು. ಆ ಗಳಿಗೆಯಲ್ಲಿ ಅವಳಿಗೆ ಎಲ್ಲಿಂದ ಧೈರ್ಯ ಬಂತೋ ದೇವರೇ ಬಲ್ಲ.

ಹಾರನ್ ಕೇಳಿ ಸ್ಟೆರ್ಗಿಯೋಸ್ ಮುಂದಕ್ಕೆ ಓಡಿಬಂದ. ಪುಟ್ಟ ಕಾರು ಗೇಟು ದಾಟುತ್ತಿತ್ತು. ಕಿಟಕಿಯಿಂದ ಹೆಂಡತಿಯ ಕೈ ಹೊರಗೆ ಬಂದು ಬೀಸಿತು. ಅವನೂ ಬಟ್ಟೆ ಹಿಡಿದ ಕೈಯೆತ್ತಿ ಬೀಸಿದ. ಒಬ್ಬಳೇ ಹೊರಟಳಲ್ಲ ಎಂದು ಹೆಮ್ಮೆಯಾಯಿತು. ಕಾರಿನ ಹಿಂಭಾಗ ಬಿಸಿಲಿಗೆ ಎಷ್ಟು ಚೆನ್ನಾಗಿ ಮಿಂಚಿತೆಂದರೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ನಿಂತ.

ಆಮೇಲೆ ಸಾಮಾನು ಎತ್ತಿಡಲು ಬಾಗಿದ. ಹೊಳಪಿನ ಎಣ್ಣೆಯ ಬಾಟಲಿ ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿದ್ದ ಸ್ಪಿರಿಟ್ ಬಾಟಲಿಯ ಮುಚ್ಚಳದ ಸೀಲು ಒಡೆದಿರಲೇ ಇಲ್ಲ.

ಎಲ್ಲ ಅಲ್ಲೇ ಬಿಟ್ಟು ಚಪ್ಪರದ ಕಡೆ ಓಡಿದ.

"ಅತ್ತೆ! ಎಲ್ಲಿಗೆ ಹೋದ್ಳು ಅವಳು?"

"ಕೆಳಗೆ, ಇಗರ್ಜಿಗೆ. ಯಾಕೋ? ಯಾಕೆ ಮುಖ ಹಂಗಾಯ್ತು?"

ನಮ್ಮ ಬೆಟ್ಟದ ರಸ್ತೆ ಇಳಿಯುವುದೆಂದರೆ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಕಣಿವೆ, ತಿರುವು ಮುಗಿಯಿತೆನ್ನುವಾಗ ಮತ್ತೊಂದು ತಿರುವು. ಅಲ್ಲಿ ಬ್ರೇಕಿನ ಮೇಲೆ ಕಾಲು ನಿಲ್ಲದವನು ಸಮುದ್ರದವರೆಗೂ ನಿಲ್ಲುವುದಿಲ್ಲ. ಅವನು ಅವಳಿಗೆ ಫೋನ್ ಮಾಡಿದ. ಅದು ರಿಂಗಾಗುತ್ತಿದ್ದಂತೆ ಇನ್ನೊಂದು ಭಯ ಹೊಕ್ಕಿತು: ಓಡಿಸುತ್ತಲೇ ಫೋನೆತ್ತಲು ಹೋದರೆ? ಓಡಿಸುವಾಗ ಫೋನ್ ಮುಟ್ಟಿದರೆ ಕೈ ಮುರೀತೀನಿ ಎಂದು ಅವಳಿಗೆ ದಿನಾ ಹೇಳಿಕೊಟ್ಟವನೇ ಅವನು. ಎತ್ತಬೇಡವೇ, ದಮ್ಮಯ್ಯ, ಎತ್ತಬೇಡ ಎಂದು ಗೊಣಗುತ್ತ ಫೋನ್ ಕಟ್ ಮಾಡಿದ.

ಕೆಂಪು ಕಾರಿಗೆ ಹಾರಿ ಕೂತು ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದ. ಕಾಲು ಸರ್ರನೆ ಜಾರಿ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಬ್ರೇಕ್ ಒತ್ತಿ ನೋಡಿದ, ಅದೂ ಹಾಗೆಯೇ. ಈಗ ಅವಳಿಗೆ ಆಗುತ್ತಿರುವುದು ಇದೇ ಎಂದು ಹೊಳೆಯಿತು. ಅಂಗಿ ಕಿತ್ತು, ಸ್ಪಿರಿಟ್ ಸುರಿದು, ಪೆಡಲುಗಳನ್ನು ಉಜ್ಜಿದ. ಉಜ್ಜಿದಷ್ಟೂ ಜಿಡ್ಡು. ಹಾಗೇ ಹೋಗಿಬಿಡೋಣವೆಂದರೆ ತಾನೇ ಮೊದಲ ತಿರುವಿನಲ್ಲಿ ಹೋಗುತ್ತೇನೆ, ಉಜ್ಜುತ್ತ ಕೂತರೆ ಅವಳು ಹೋಗುತ್ತಾಳೆ. ಜೀವಮಾನದಲ್ಲಿ ಒರೆಸುವ ಕೆಲಸ ಅವನಿಗೆ ಅಷ್ಟು ಉದ್ದ ಅನ್ನಿಸಿದ್ದು ಅದೊಂದೇ ಸಲ.

ಬನಿಯನ್ನಿನಲ್ಲೇ ಹೊರಟ. ಮಣ್ಣು, ಜಲ್ಲಿ, ಆಡಿನ ಹಿಕ್ಕೆ, ಯಾವುದನ್ನೂ ನೋಡದೆ ಇಳಿದ. ಪ್ರತಿ ತಿರುವಿನಲ್ಲೂ ಮೊದಲು ಕಣಿವೆಯ ಕಡೆ ನೋಡುತ್ತಿದ್ದ, ಆಮೇಲೆ ರಸ್ತೆಯ ಕಡೆ. ಕೆಳಗೆ ಚೆಸ್ಟ್‌ನಟ್ ಮರಗಳ ನಡುವೆ ಏನೋ ಬೆಳ್ಳಗೆ ಕಂಡು ಜೀವ ಬಾಯಿಗೆ ಬಂತು. ಯಾರೋ ಒಣಹಾಕಿದ ಹೊದಿಕೆ. ಮುದುಕಿಯ ಉಗುಳನ್ನು ಒರೆಸಿದ್ದು ನೆನಪಾಯಿತು. ಅಂಥದ್ದನ್ನೆಲ್ಲ ನಂಬದವನು ಮೇರಿ ಮಾತೆಯನ್ನು ನೆನೆದು, "ತಾಯಿ ಪನಾಗಿಯಾ, ಅದನ್ನೆಲ್ಲ ಲೆಕ್ಕಕ್ಕೆ ಇಟ್ಕೋಬೇಡಮ್ಮ," ಎಂದು ಜೋರಾಗಿ ಬೇಡಿಕೊಂಡ.

ಕಿರಿದಾದ ಜಾಗದಲ್ಲಿ ಊರಿನ ಬಸ್ಸು ಎದುರಾಯಿತು. ಡ್ರೈವರ್ ವಾಯೋಸ್ ಕಿಟಕಿಯಿಂದ ತಲೆ ಹಾಕಿದ.

"ಏನಪ್ಪಾ ಇದು, ದೇವರೇ ಗುಡಿ ಬಿಟ್ಟು ಬೀದಿಗೆ ಬಂದಂಗಿದೆ! ಬನಿಯನ್ನಲ್ಲಿ ಬೇರೆ!"

"ಕ್ಸೇನಿ ಕಂಡ್ಳಾ? ಬೇಗ ಹೇಳೋ!"

"ಕಾಣ್ದೆ ಏನು? ಆ ಹೊಳಪಿಗೆ ಕಣ್ಣು ಕುಕ್ಕಿತು ನಂಗೆ. ಆದ್ರೂ ಹೊಸಬಳು ತಿರುವಲ್ಲಿ ಅಷ್ಟು ಜೋರಾಗಿ ಬರಬಾರ್ದು ಕಣೋ, ಸ್ವಲ್ಪ ಬುದ್ಧಿ ಹೇಳು. ತಾಳು, ಹಿಂದಕ್ಕೆ ತಗೋತೀನಿ."

ತಾಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಸ್ಸಿಗೂ ಗೋಡೆಗೂ ನಡುವೆ ನುಗ್ಗಿಸಿದ. ಬಾಗಿಲ ಉದ್ದಕ್ಕೂ ಕಲ್ಲು ಕೆರೆದ ಸದ್ದು ಬಂತು. ಇನ್ನೊಂದು ದಿನವಾಗಿದ್ದರೆ ಆ ಸದ್ದಿಗೆ ಅವನು ಅಲ್ಲೇ ಕುಸಿದು ಅಳುತ್ತಿದ್ದ. ಈಗ ಅದು ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ತಾಕಲಿಲ್ಲ.

ಹಳೆಯ ಕಾರಂಜಿಯ ತಿರುವಿನಲ್ಲಿ ಪುಟ್ಟ ಕಾರು ಕಂಡಿತು. ಮೂತಿ ಕಲ್ಲುಗೋಡೆಗೆ ನಾಟಿಕೊಂಡು, ಬಾನೆಟ್ಟು ಮಡಚಿ ಮೇಲೆದ್ದಿತ್ತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

"ಕ್ಸೇನಿ!"

"ಇಲ್ಲಿದೀನಿ."

ಅವಳು ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದಳು. ಮೊಣಕಾಲು ತರಚಿ ನೀಲಿ ಉಡುಪಿಗೆ ರಕ್ತ ಹತ್ತಿತ್ತು. ಅವನು ಓಡಿಹೋಗಿ ಅವಳ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದ.

"ಬಯ್ಬೇಡ," ಎಂದಳು ಪೊಲಿಕ್ಸೇನಿ. ಹಲ್ಲು ಕಟಕಟ ಎನ್ನುತ್ತಿತ್ತು. "ಬೆಳಗಿಂದ ಅಷ್ಟು ಕಷ್ಟಪಟ್ಟು ತಿಕ್ಕಿದ್ದೆ ನೀನು. ಹಾಳು ಮಾಡ್ಬಿಟ್ಟೆ. ಎಲ್ಲರೂ ಹೇಳಿದ್ದೇ ಸರಿ, ನಂಗೆ ಬರಲ್ಲ ಕಣೋ. ಬ್ರೇಕ್ ಮೇಲೆ ಕಾಲಿಟ್ಟೆ, ಕಾಲು ಆಚೆ ಹೋಯ್ತು. ಮತ್ತೆ ಇಟ್ಟೆ, ಮತ್ತೆ ಹೋಯ್ತು. ನನ್ನ ಕಾಲೇ ನನ್ನ ಮಾತು ಕೇಳ್ಲಿಲ್ಲ. ಏನೇ ಆದ್ರೂ ಕಣಿವೆ ಕಡೆ ಬೇಡ, ಗೋಡೆ ಕಡೆ ಅಂತ ಹೇಳಿದ್ದೆಯಲ್ಲ ನೀನು? ಹ್ಯಾಂಡ್ ಬ್ರೇಕ್ ಎಳೆದು ಗೋಡೆಗೆ ಕೊಟ್ಟೆ." ಅವಳು ಕೀಲಿಕೈ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ತಗೋ. ಇನ್ನು ಜನ್ಮದಲ್ಲಿ ಮುಟ್ಟಲ್ಲ. ಬಸ್ಸಿದೆಯಲ್ಲ, ಸಾಕು ನಂಗೆ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಸ್ತೆಯುದ್ದಕ್ಕೂ ಹೆಂಡತಿ ಸತ್ತಳೆಂದು ಹೆದರಿದವನಿಗೆ ಈಗ ಅವಳ ಕಣ್ಣನ್ನು ಎದುರಿಸಲು ಹೆದರಿಕೆಯಾಯಿತು. ಆ ಕೀಲಿಕೈ ಅಂಗೈಯಲ್ಲಿ ಬೆಚ್ಚಗಿತ್ತು.

"ನಿನ್ನ ಕಾಲಿಂದಲ್ಲ ಕ್ಸೇನಿ," ಎಂದ. "ನಾನು ಪೆಡಲಿಗೆ ಹೊಳಪಿನ ಎಣ್ಣೆ ಹಚ್ಚಿದ್ದೆ. ಪ್ರದರ್ಶನಕ್ಕೆ ಹಚ್ಚೋ ಹಾಗೆ. ಒರೆಸಿ ತೆಗೀಬೇಕಿತ್ತು. ತೆಗೀಲಿಲ್ಲ."

ಅವಳು ಅರ್ಥವಾಗದವಳಂತೆ ನೋಡಿದಳು. ಎದ್ದು ಕುಂಟುತ್ತ ಹೋಗಿ, ಪುಡಿಪುಡಿಯಾಗಿ ಚೆಲ್ಲಿದ್ದ ಬಿಸ್ಕತ್ತುಗಳ ನಡುವೆ ಕೈಯಿಳಿಸಿ, ಬ್ರೇಕಿನ ಪೆಡಲನ್ನು ಬೆರಳಿಂದ ಸವರಿದಳು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. ಮೂಸಿದಳು.

"ಪೆಡಲಿಗಾ?" ಎಂದಳು. "ಯಾರು ನೋಡ್ತಾರೋ ಅದನ್ನ? ಕಾಲಿಡೋ ಜಾಗ ಅದು!"

"ತಪ್ಪಾಯ್ತು."

"ಸತ್ತೇ ಹೋದೆ ಅಂದ್ಕೊಂಡೆ ಕಣೋ! ಅಮ್ಮನ ಮುಖ ಕಣ್ಮುಂದೆ ಬಂತು ನಂಗೆ!" ಕೈಚೀಲದಲ್ಲಿ ಅವನ ಬನಿಯನ್ನಿನ ಎದೆಗೆ, ಭುಜಕ್ಕೆ ಬಡಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಅವಳ ಕೈ ಸೋತ ಮೇಲೆ ಇಬ್ಬರೂ ಅತ್ತರು. ಕಾರಂಜಿಯ ನೀರಲ್ಲಿ ಮುಖ ತೊಳೆದುಕೊಂಡವಳು ಇದ್ದಕ್ಕಿದ್ದಂತೆ ತಲೆಯೆತ್ತಿದಳು.

"ಅಂದ್ರೆ ನನ್ನ ಕಾಲು ಸರಿ ಇತ್ತು."

"ಸರಿ ಇತ್ತು."

"ನಂಗೆ ಓಡ್ಸೋಕೆ ಬರುತ್ತೆ."

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕಣಿವೆಗೆ ಹೋಗ್ತಿದ್ದೆ," ಎಂದ. ಅದು ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತಾಗಿರಲಿಲ್ಲ.

ಅವನು ಜೇಬಿಗೆ ಕೈಹಾಕಿ ಕೆಂಪು ಕಾರಿನ ಕೀಲಿಕೈ ತೆಗೆದು ಅವಳ ಮುಂದೆ ಹಿಡಿದ. ಮದುವೆಯಾದಾಗಿನಿಂದ ಅವಳು ಆ ಕಾರಿನ ಸ್ಟಿಯರಿಂಗನ್ನು ಮುಟ್ಟಿದವಳಲ್ಲ. ಪಕ್ಕದಲ್ಲಿ ಕೂರುವ ಮುಂಚೆಯೂ ಚಪ್ಪಲಿ ಕೊಡವಬೇಕಿತ್ತು.

"ಪಾದ್ರಿ ಕಾಯ್ತಿದ್ದಾನೆ. ನೀನೇ ಓಡ್ಸು. ಈಗ ಓಡಿಸದಿದ್ರೆ ಇನ್ಯಾವತ್ತೂ ಓಡ್ಸಲ್ಲ ನೀನು."

ಅವಳು ಕೀಲಿಕೈ ತೆಗೆದುಕೊಳ್ಳಲಿಲ್ಲ. "ಮೊದ್ಲು ಒರೆಸು," ಎಂದಳು.

"ಆಗ್ಲೇ ಒರೆಸಿದೀನಿ."

"ನನ್ನ ಮುಂದೆ ಒರೆಸು."

ಅವನು ಕಾರಿನಲ್ಲಿದ್ದ ಒಣ ಬಟ್ಟೆಗೆ ಉಳಿದ ಸ್ಪಿರಿಟ್ ಸುರಿದು, ರಸ್ತೆಯ ಮೇಲೆ ಮಂಡಿಯೂರಿ, ಒಳಗೆ ತಲೆಹಾಕಿ, ಒಂದೊಂದೇ ಪೆಡಲನ್ನು ಉಜ್ಜಿದ. ಅವಳು ಬೆರಳಿಟ್ಟು ನೋಡಿ, "ಇನ್ನೊಂದ್ಸಲ," ಎಂದಳು. ಮತ್ತೆ ಉಜ್ಜಿದ. ಕೊನೆಗೆ ಅವಳ ಚಪ್ಪಲಿಗಳನ್ನು ಎತ್ತಿ ಅಟ್ಟೆಗೆ ಹತ್ತಿದ್ದ ಎಣ್ಣೆಯನ್ನೂ ಒರೆಸಿ ತೆಗೆದ. ಅವಳು ಬಾಗಿಲಿನ ಉದ್ದನೆಯ ಗೀರನ್ನು ಆಗ ನೋಡಿದಳು. ಮುಂದಕ್ಕೆ ಹೋಗಿ ಕೆಂಪು ಬಾನೆಟ್ಟಿನ ಮೇಲೆ ಬಾಗಿ ತಾಯಿಯಂತೆಯೇ ಉಗಿದಳು, "ಥೂ, ಥೂ, ಥೂ!" ಸ್ಟೆರ್ಗಿಯೋಸನ ಕೈಯಲ್ಲಿ ಬಟ್ಟೆಯಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಅವಳು ಮಣ್ಣಿನ ಚಪ್ಪಲಿಯಲ್ಲೇ ಹತ್ತಿ ಕೂತಳು. ಕಾರು ಮೆಲ್ಲಗೆ ಇಳಿಜಾರಿಗೆ ಬಿತ್ತು. ಮುಂದಿನ ತಿರುವು ಹತ್ತಿರ ಬಂದಂತೆ ಅವಳ ತುಟಿ ಬಿಗಿಯಿತು. ಅವಳು ಬ್ರೇಕ್ ಒತ್ತಿದಾಗ, ಪಕ್ಕದ ಸೀಟಿನಲ್ಲಿ ಕೂತ ಅವನೂ ಪೆಡಲೇ ಇಲ್ಲದ ಜಾಗದಲ್ಲಿ ತನ್ನ ಬಲಗಾಲನ್ನು ನೆಲಕ್ಕೆ ಬಲವಾಗಿ ಒತ್ತಿ ಹಿಡಿದ.